ಹನ್ನೆರಡು ಊರಿನ ಕಲ್ಲು

ಚರಿತ್ರೆ ನೋಡಲು ಬೇಗೂರಿಗೆ ಹೋಗುವವರಿಗೆ ದಾರಿ ಈಗ ಸಲೀಸು. 2025ರ ಆಗಸ್ಟಿನಲ್ಲಿ ಓಡಾಟ ಶುರುಮಾಡಿದ ಹಳದಿ ಮಾರ್ಗದ ಮೆಟ್ರೊ ಹಿಡಿದು ಹೊಂಗಸಂದ್ರದಲ್ಲಿ ಇಳಿದರಾಯಿತು. ಅಲ್ಲಿಂದ ಆಟೊ ಬೇಗೂರು ರಸ್ತೆಯ ಇಕ್ಕಟ್ಟಿನೊಳಗೆ ನುಗ್ಗಿ, ಪೀಜಿಗಳ ಬೋರ್ಡು, ಹಾರ್ಡ್‌ವೇರ್ ಅಂಗಡಿ, ನೀರಿನ ಟ್ಯಾಂಕರುಗಳನ್ನು ದಾಟಿ ನಾಗೇಶ್ವರನ ಗುಡಿಯ ಹತ್ತಿರ ಇಳಿಸುತ್ತದೆ. ಗಂಗರ ನೀತಿಮಾರ್ಗನ ಕಾಲದಿಂದ ಚೋಳರ ಕಾಲದವರೆಗೆ ಒಂದರ ಪಕ್ಕ ಒಂದು ಎದ್ದ ಐದು ಗುಡಿಗಳ ಆವರಣ ಅದು. ಬಂದವರಲ್ಲಿ ಬಹುಮಂದಿ ಹುಡುಕುವುದು ಒಂದೇ ಕಲ್ಲನ್ನು: ಸುಮಾರು 890ರದೆಂದು ಹೇಳುವ, ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಶಾಸನವನ್ನು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಹೆಸರು ಬಂತೆಂಬ ಕಥೆಯನ್ನು ಈ ಕಲ್ಲು ಒಂದೇ ಏಟಿಗೆ ಉರುಳಿಸುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಕೆಲವು ಶತಮಾನ ಇದ್ದಾಗಲೇ ಊರಿಗೆ ಆ ಹೆಸರಿತ್ತು ಎಂದು ತಿಳಿದು ಸಂತೋಷಪಟ್ಟು, ಫೋಟೊ ತೆಗೆದುಕೊಂಡು, ಬಂದವರು ಹೊರಟುಬಿಡುತ್ತಾರೆ. ಆದರೆ ಆ ಕಲ್ಲನ್ನು ನಿಲ್ಲಿಸಿದವರಿಗೆ ಬೆಂಗಳೂರಿನ ಹೆಸರು ಎಷ್ಟು ಹಳೆಯದೆಂಬ ಚಿಂತೆ ಇರಲಿಲ್ಲ. ಆ ಕಾಳಗದಲ್ಲಿ ಗಂಗರ ಸಾಮಂತ ನಾಗತ್ತರನ ಮನೆಯವರು ಸತ್ತಿದ್ದರು. ಕಲ್ಲು ನಿಂತದ್ದು ಅವರಿಗಾಗಿ. ಊರ ಹೆಸರು ಮಾತಿನ ನಡುವೆ ಬಂದುಹೋಗುವ ವಿವರ ಮಾತ್ರ. ಸಾವಿನ ಸ್ಮಾರಕವೊಂದನ್ನು ನಾವು ಊರಿನ ಜನನ ಪ್ರಮಾಣಪತ್ರ ಮಾಡಿಕೊಂಡಿದ್ದೇವೆ.

ಬೇಗೂರಿನ ದೊಡ್ಡ ಕಲ್ಲು ಇದಲ್ಲ, ಅದು ಬೇಗೂರಿನಲ್ಲೂ ಇಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ದೊಡ್ಡ ಚಪ್ಪಡಿಯೊಂದಿದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅದರ ಪಾಠ ಅಚ್ಚಾಗಿದೆ, ಜೆ.ಎಫ್. ಫ್ಲೀಟ್ ಅದರ ಮೇಲೆ ಪ್ರತ್ಯೇಕವಾಗಿ ಬರೆದಿದ್ದಾನೆ. ಕಲ್ಲು ಹೇಳುವ ಸಂಗತಿ ಸಂಕ್ಷೇಪವಾಗಿ ಇಷ್ಟು: ಗಂಗವಾಡಿ ತೊಂಬತ್ತಾರು ಸಾಸಿರವನ್ನು ಎರೆಯಪ್ಪ ಆಳುತ್ತಿದ್ದಾಗ, ಅಯ್ಯಪದೇವನಿಗೂ ವೀರಮಹೇಂದ್ರನಿಗೂ ಯುದ್ಧ ಹತ್ತಿತು. ಅಯ್ಯಪದೇವನ ನೆರವಿಗೆ ಎರೆಯಪ್ಪ ನಾಗತ್ತರನ ಪಡೆಯನ್ನು ಕಳಿಸಿದ. ತುಂಬೆಪಾಡಿಯಲ್ಲಿ ಸಾಲು ಮುರಿಯುವ ಹೊತ್ತಿಗೆ ನಾಗತ್ತರ ಆನೆಗಳ ಮೇಲೆ ಬಿದ್ದು ಕಾದಿ ಸತ್ತ. ಸುದ್ದಿ ಕೇಳಿ ಮೆಚ್ಚಿದ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಇಂದಿನ ಬೇಗೂರೂ ಸೇರಿದ ಹನ್ನೆರಡು ಊರುಗಳನ್ನು, ಕಲ್ನಾಡಾಗಿ, ಎಂದರೆ ವೀರನ ಸಾವಿಗೆ ಬಿಡುವ ದತ್ತಿಯಾಗಿ ಕೊಟ್ಟ. ಆಮೇಲೆ ಊರುಗಳ ಪಟ್ಟಿ ಬರುತ್ತದೆ. ಯುದ್ಧದ ವೈಭವಕ್ಕೆ ಮನಸೋತವರು ಓದದೆ ಬಿಡುವುದು ಈ ಪಟ್ಟಿಯನ್ನೇ. ಇಡೀ ಕಲ್ಲಿನ ಕೀಲಿ ಇರುವುದು ಅಲ್ಲೇ ಎಂಬುದು ನನ್ನ ವಾದ. ನಾಗತ್ತರ ಸತ್ತದ್ದು ತುಂಬೆಪಾಡಿಯಲ್ಲಿ, ಕಲ್ಲು ನಿಂತದ್ದು ಬೇಗೂರಿನಲ್ಲಿ. ಅಂದರೆ ಅದರ ಜಾಗವನ್ನು ಗೊತ್ತುಮಾಡಿದ್ದು ಹೆಣವಲ್ಲ, ರಣರಂಗವೂ ಅಲ್ಲ. ಸಾವಿಗೆ ಬದಲಾಗಿ ಕೊಟ್ಟ ನೆಲ. ಹಾಗಾಗಿ ಈ ಸ್ಮಾರಕವನ್ನು ನೋಡುವುದೆಂದರೆ ಕಲ್ಲಿನ ಮುಂದೆ ನಿಲ್ಲುವುದಷ್ಟೇ ಅಲ್ಲ, ಆ ಹನ್ನೆರಡು ಊರುಗಳ ನೆಲದಲ್ಲಿ ಓಡಾಡುವುದು.

ಇದಕ್ಕೆ ಮೊದಲ ಆಕ್ಷೇಪ ಪುರಾತತ್ವ ಬಲ್ಲವರಿಂದಲೇ ಬಂದೀತು. ವೀರಗಲ್ಲು ಸಮಾಧಿಯಲ್ಲ, ಪ್ರಾಚೀನರು ತಮ್ಮ ಸತ್ತವರನ್ನು ಹೇಗೆ ಕಂಡರು ಎಂದು ತಿಳಿಯಬೇಕಾದರೆ ಸಮಾಧಿಗಳ ಕಡೆಗೇ ಹೋಗಬೇಕು, ಕೆತ್ತನೆಯ ಕಲ್ಲಿನ ಕಡೆಗಲ್ಲ ಎಂದು ಅವರು ಹೇಳಬಹುದು. ಸಮಾಧಿಗಳೇನೂ ಬೆಂಗಳೂರಿಗೆ ದೂರದವಲ್ಲ. ಬೇಗೂರಿಗೆ ಹತ್ತಿರದ ಕೋರಮಂಗಲದಲ್ಲಿ, ವಿಮಾನ ನಿಲ್ದಾಣದ ದಾರಿಯ ಚಿಕ್ಕಜಾಲದಲ್ಲಿ ಕಬ್ಬಿಣ ಯುಗದ ಸಮಾಧಿ ದಿಬ್ಬಗಳು ದಾಖಲಾಗಿವೆ. ವೈಟ್‌ಫೀಲ್ಡಿನಾಚೆ ಹೊಸಕೋಟೆ ಸೀಮೆಯ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ವರದಿ ಬರೆದರು. ಇನ್ನೂ ಉತ್ತರಕ್ಕೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಮಾಡು ಹೊದಿಸಿದ ನೂರಾರು ಕಲ್ಮನೆಗಳಿವೆ. ಊರವರು ಅವನ್ನು ಮೋರೇರ ಮನೆ ಎನ್ನುತ್ತಾರೆ, ಬೇರೆ ಕಡೆ ಅಂಥವು ಪಾಂಡವರ ಮನೆಗಳಾಗುತ್ತವೆ. ನಮ್ಮ ಜನ ಅವುಗಳನ್ನು ಮನೆ ಎಂದೇ ಕರೆದರಲ್ಲದೆ ಗೋರಿ ಎನ್ನಲಿಲ್ಲ. ಒಳಗಿದ್ದವರು ಯಾರೆಂದು ಯಾವ ನೆನಪೂ ಉಳಿಯದೆ ಹೋದಾಗ ಪಾಂಡವರನ್ನು ತಂದು ಕೂರಿಸಬೇಕಾಯಿತು. ಮಣ್ಣಲ್ಲಿ ಮಡಕೆ, ಕಬ್ಬಿಣದ ಕತ್ತಿ, ಮೂಳೆಯ ಚೂರು ಸಿಗುತ್ತವೆ, ಹೆಸರು ಸಿಗುವುದಿಲ್ಲ. ಇಂದು ಕೋರಮಂಗಲದಲ್ಲಿ ಸಮಾಧಿ ದಿಬ್ಬ ಹುಡುಕುತ್ತ ಹೊರಟವನಿಗೆ ಸಿಗುವುದು ಬಡಾವಣೆಯ ಬ್ಲಾಕುಗಳ ಅಂಕಿ. ದಿಬ್ಬ ಹೋದರೆ ಅದರ ಜೊತೆಗೆ ಎಲ್ಲವೂ ಹೋಯಿತು, ಯಾಕೆಂದರೆ ಅದು ಹೇಳಬಹುದಾಗಿದ್ದೆಲ್ಲ ಅದರ ಒಳಗೇ ಇತ್ತು. ಬೇಗೂರಿನ ಕಲ್ಲು ಹಾಗಲ್ಲ. ಕಲ್ಲನ್ನೇ ಸಾಗಿಸಿದ ಮೇಲೂ ಅದು ಹೇಳಿದ ಊರುಗಳು ನೆಲದಲ್ಲೇ ಇವೆ.

ಸಮಾಧಿಯೇ ದೇಶದ ದೊಡ್ಡ ಸ್ಮಾರಕವಾದ ಕಡೆ ಏನಾಗುತ್ತದೆಂದು ನೋಡಲು ಜಪಾನು ಒಳ್ಳೆಯ ಉದಾಹರಣೆ. ಅಲ್ಲಿ ಮೂರರಿಂದ ಏಳನೆಯ ಶತಮಾನದವರೆಗೆ ಕಟ್ಟಿದ ಕೊಫುನ್ ಎಂಬ ಮಣ್ಣಿನ ಗೋರಿ ದಿಬ್ಬಗಳು, ಚಿಕ್ಕವೂ ಸೇರಿ, ಒಂದೂವರೆ ಲಕ್ಷಕ್ಕೂ ಮಿಕ್ಕಿವೆ. ಇವುಗಳಲ್ಲಿ ಅತಿ ದೊಡ್ಡದು ಒಸಾಕದ ಪಕ್ಕ ಸಕಾಯ್ ನಗರದ ದೈಸೆನ್. ಉದ್ದ 486 ಮೀಟರ್, ಸುತ್ತ ನೀರಿನ ಕಂದಕ. ಒಬಯಾಶಿ ಎಂಬ ಕಟ್ಟಡ ಕಂಪನಿ 1985ರಲ್ಲಿ ಲೆಕ್ಕ ಹಾಕಿ ನೋಡಿತು: ಆ ಕಾಲದ ಸಲಕರಣೆಗಳಲ್ಲಿ ಅದನ್ನು ಎಬ್ಬಿಸಲು ದಿನಕ್ಕೆ ಎರಡು ಸಾವಿರ ಆಳುಗಳವರೆಗೆ ದುಡಿದರೂ ಹದಿನೈದು ವರ್ಷ ಎಂಟು ತಿಂಗಳು ಬೇಕಾಗುತ್ತಿತ್ತು. ಇಷ್ಟು ಬೆವರು ಸುರಿಸಿದ ಗೋರಿಯಲ್ಲಿ ಮಲಗಿರುವವರು ಯಾರು? ಅರಮನೆಯ ವ್ಯವಹಾರ ನೋಡುವ ಇಲಾಖೆ ಅದನ್ನು ನಿಂತೊಕು ದೊರೆಯದೆಂದು ನಂಬಿ ಕಾಯುತ್ತದೆ, ಸಾರ್ವಜನಿಕರನ್ನು ಒಳಕ್ಕೆ ಬಿಡುವುದಿಲ್ಲ; ಗೋರಿಯನ್ನೇ ಅಗೆದು ನೋಡಲು ಬಿಡದ ಮೇಲೆ ಆ ನಂಬಿಕೆಯನ್ನು ಪುರಾತತ್ವಜ್ಞರು ದೃಢಪಡಿಸಲಾರರು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೊಜು–ಫುರುಯಿಚಿ ಗುಂಪಿನ ಈ ದಿಬ್ಬ, ದಡದಲ್ಲಿ ನಿಂತವನಿಗೆ ನೀರಿನಾಚೆಯ ಕಾಡಾಗಿ ಮಾತ್ರ ಕಾಣುತ್ತದೆ. ಬೀಗದ ಕಿಂಡಿಯಂಥ ಅದರ ಆಕಾರ ಗೊತ್ತಾಗುವುದು ಆಕಾಶದಿಂದ ತೆಗೆದ ಚಿತ್ರದಲ್ಲಿ; ನಗರಸಭೆಯ ಕಟ್ಟಡದ ಇಪ್ಪತ್ತೊಂದನೆಯ ಮಹಡಿ ಹತ್ತಿದರೂ ಅದು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ತೆಂಕಣ ಜಪಾನಿನ ಮಿಯಾಜಾಕಿ ಸೀಮೆಯ ಸೈತೊಬಾರು ಬಯಲಿನಲ್ಲಿ ಹಳ್ಳಿಗಾಡಿನ ಹೂದೋಟಗಳ ನಡುವೆ ಮುನ್ನೂರಕ್ಕೂ ಹೆಚ್ಚು ದಿಬ್ಬಗಳು ಹರಡಿಕೊಂಡಿವೆ. ಅಲ್ಲಿ ಓಡಾಡಲು ಅಡ್ಡಿ ಕಡಿಮೆ, ಕಣ್ಣಿಗೂ ಹಬ್ಬ. ಆದರೆ ದಿಬ್ಬದಿಂದ ದಿಬ್ಬಕ್ಕೆ ನಡೆದವನಿಗೆ ಯಾವ ದಿಬ್ಬವೂ ತನ್ನೊಳಗಿರುವವನ ಹೆಸರು ಹೇಳುವುದಿಲ್ಲ. ಮಣ್ಣಿನ ರಾಶಿಗೆ ಹೇಳಲು ಬರುವುದು ಒಂದೇ ಮಾತು: ಇಲ್ಲಿದ್ದವನ ಕೈಕೆಳಗೆ ಇಷ್ಟು ಆಳುಗಳಿದ್ದರು.

ಕೊಫುನ್‌ಗಳನ್ನು ಬಲ್ಲವರು ಇಲ್ಲಿ ತಡೆದು ಇನಾರಿಯಾಮದ ಕತ್ತಿಯನ್ನು ನೆನಪಿಸಬಹುದು. ನೆನಪಿಸಲೇಬೇಕಾದ ಸಾಕ್ಷಿ ಅದು. ಸೈತಾಮಾ ಸೀಮೆಯ ಸಕಿತಾಮಾ ಗೋರಿಗಳ ಗುಂಪಿನ ಒಂದು ದಿಬ್ಬದಲ್ಲಿ 1968ರಲ್ಲಿ ತುಕ್ಕು ಹಿಡಿದ ಕತ್ತಿಯೊಂದು ಸಿಕ್ಕಿತು. ಹತ್ತು ವರ್ಷದ ಮೇಲೆ, 1978ರಲ್ಲಿ, ಎಕ್ಸ್‌ರೇ ಹಿಡಿದು ನೋಡಿದಾಗ ಅಲಗಿನ ಎರಡೂ ಮುಖದಲ್ಲಿ ಬಂಗಾರದ ತಂತಿ ಕೂರಿಸಿ ಬರೆದ 115 ಅಕ್ಷರಗಳು ಹೊಳೆದವು. ಬಹುಮಟ್ಟಿಗೆ ಕ್ರಿ.ಶ. 471 ಎಂದು ಒಪ್ಪಿರುವ ಆ ಬರಹ ವೊವಕೆ ಎಂಬವನದು. ತನ್ನ ವಂಶದ ಎಂಟು ತಲೆಗಳನ್ನು ಹೆಸರಿಸಿ, ತಮ್ಮ ಮನೆತನ ಕಾವಲು ಪಡೆಯ ನಾಯಕತ್ವದಲ್ಲಿ ಸೇವೆ ಮಾಡುತ್ತ ಬಂತೆಂದೂ, ವಕತಕೆರು ದೊರೆಯ ಕಾಲದಲ್ಲಿ ತಾನು ಆಳ್ವಿಕೆಗೆ ನೆರವಾದೆನೆಂದೂ ಅವನು ಹೇಳಿಕೊಳ್ಳುತ್ತಾನೆ. ದೊರೆಗಾಗಿ ಆಯುಧ ಹಿಡಿದ ಅಧಿಕಾರಿ, ಮನೆತನದ ಹೆಮ್ಮೆ, ಒಡೆಯನ ಹೆಸರು. ನಾಗತ್ತರನ ಕಲ್ಲಿನ ನಂಟ ಎಂದರೂ ಸಲ್ಲುತ್ತದೆ. ಹೆಸರು ಬರೆಯುವ ಆಸೆ ಅಲ್ಲಿಯೂ ಇತ್ತು. ಆದರೆ ಬರೆದ ಜಾಗ ನೋಡಿ. ಕತ್ತಿ ಸತ್ತವನ ಜೊತೆ ಮಣ್ಣಿನಡಿ ಹೋಯಿತು. ಎಕ್ಸ್‌ರೇ ಬರುವವರೆಗೆ ಸಾವಿರದ ಐನೂರು ವರ್ಷ ಅದನ್ನು ಯಾರೂ ಓದಲಿಲ್ಲ. ಬೇಗೂರಿನ ಕಲ್ಲು ಬಯಲಲ್ಲಿ ನಿಂತದ್ದು ಓದಿಸಿಕೊಳ್ಳುವುದಕ್ಕೆ. ಓದು ಬಾರದ ರೈತನಿಗೆ ಆನೆ ಕುದುರೆಗಳ ಚಿತ್ರ, ಓದು ಬಲ್ಲ ಸೇನಬೋವನಿಗೆ ಊರುಗಳ ಪಟ್ಟಿ. ನಾಳೆ ಯಾರಾದರೂ ಬಂದು ಈ ಹೊಲ ಯಾವ ಹಕ್ಕಿನಲ್ಲಿ ನಿನ್ನದು ಎಂದರೆ ಇರುಗನ ಮಕ್ಕಳು ಕೈ ತೋರಿಸಬೇಕಾದದ್ದು ಅದರ ಕಡೆಗೆ. ಸತ್ತವನ ನೆನಪು ಬದುಕಿರುವವರ ಹಕ್ಕಿಗೆ ಸಾಕ್ಷಿ ಹೇಳುತ್ತ ನಿಂತಿತ್ತು. ಇದು ಲೌಕಿಕ ವ್ಯವಹಾರ ಎಂದು ಮೂಗು ಮುರಿಯಬೇಕಾಗಿಲ್ಲ. ಆ ವ್ಯವಹಾರ ಇದ್ದುದರಿಂದಲೇ ಸತ್ತವನ ಹೆಸರು ಇಷ್ಟು ಆಳವಾಗಿ ಕೊರೆಸಿಕೊಂಡಿತು.

ಹಾಗಾದರೆ ಇದು ಗೆದ್ದವರ ಜಾಹೀರಾತಲ್ಲವೆ ಎಂದು ಇನ್ನೊಬ್ಬರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಲ್ಲಿನಲ್ಲಿ ಮಾತಾಡುತ್ತಿರುವುದು ಅರಸೊತ್ತಿಗೆ: ನನಗಾಗಿ ಸತ್ತರೆ ನಿನ್ನ ಮನೆಗೆ ಊರು ಕೊಡುತ್ತೇನೆ ಎಂಬ ಕರಾರು ಅದು. ನಾಗತ್ತರ ಉಳುವ ರೈತನಲ್ಲ, ಪಡೆ ಕಟ್ಟಬಲ್ಲ ಸಾಮಂತ. ಅವನ ಪಡೆಯಲ್ಲಿ ಸತ್ತ ಕಾಲಾಳುಗಳು ಚಿತ್ರದಲ್ಲಿ ಮೈಯಾಗಿದ್ದಾರೆ, ಬರಹದಲ್ಲಿ ಹೆಸರಾಗಿಲ್ಲ. ಹನ್ನೆರಡು ಊರಿನಲ್ಲಿ ಆಗಲೇ ಉಳುತ್ತಿದ್ದವರಿಗೆ ಈ ದತ್ತಿಯಿಂದ ಬದಲಾದದ್ದು ತೆರಿಗೆ ಯಾರಿಗೆ ಒಪ್ಪಿಸಬೇಕು ಎಂಬುದೊಂದೇ ಇರಬಹುದು. ಇದೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ದೈಸೆನ್‌ನಂಥ ದಿಬ್ಬ ಒಬ್ಬ ದೊರೆಗೆ ಮಾತ್ರ ಎಟುಕುವಂಥದ್ದು. ಕಲ್ಲು ನಿಲ್ಲಿಸಲು ಒಂದು ಚಪ್ಪಡಿ, ಒಬ್ಬ ಕಲ್ಲುಕುಟಿಗ ಸಾಕು. ಅದಕ್ಕೇ ಕರ್ನಾಟಕದಲ್ಲಿ ವೀರಗಲ್ಲುಗಳು ಸಾವಿರಗಟ್ಟಲೆ ಇವೆ, ದನ ಕಾಯುತ್ತ ಸತ್ತವನಿಗೂ, ಹುಲಿ ಎದುರಿಸಿದವನಿಗೂ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ಕಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು 750ರದು, ನಾಗತ್ತರನಿಗಿಂತ ಒಂದು ಶತಮಾನಕ್ಕೂ ಹಳೆಯದು. ನಾಡಿನ ಮೇಲೆ ನುಗ್ಗಿ ಬಂದ ಪಡೆಯನ್ನು ತಡೆಯುತ್ತ ಸತ್ತವನ ನೆನಪದು. ಬೇಗೂರಿನಲ್ಲೇ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ಮುಡಿಪಿದ ದಾಖಲೆಯೂ ಇದೆ. ಅಪ್ಪ ಆನೆಗಳ ನಡುವೆ ಸತ್ತ, ಮಗಳು ಅನ್ನ ನೀರು ಬಿಟ್ಟು ಸತ್ತಳು. ಒಂದೇ ಮನೆಯ ಎರಡು ಸಾವನ್ನೂ ಊರು ಕಲ್ಲಿಗೆ ಹಾಕಿತು. ಮೊದಲನೆಯದರಲ್ಲಿ ಅರಸನಿಗೆ ಲಾಭವಿತ್ತು, ಎರಡನೆಯದರಲ್ಲಿ ಇರಲಿಲ್ಲ. ಜಾಹೀರಾತಿನ ವಾದ ಮೊದಲನೆಯದಕ್ಕೆ ಅರ್ಧ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ವಸ್ತುಸಂಗ್ರಹಾಲಯದ ಪರವಾಗಿ ಬರುವಂಥದ್ದು. ಕಲ್ಲು ಅದರ ನೆಲದಲ್ಲೇ ಇರಬೇಕು ಎನ್ನುವವರು ಅಲ್ಲೇ ಉಳಿದ ಕಲ್ಲುಗಳ ಗತಿ ನೋಡಿದ್ದಾರೆಯೆ? ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಚರಂಡಿಯ ಮೇಲಿನ ಹಾಸಾಗಿವೆ, ಬಟ್ಟೆ ಒಗೆಯುವ ಬಂಡೆಯಾಗಿವೆ, ಪಾಯದೊಳಗೆ ಸೇರಿಹೋಗಿವೆ. ಉಳಿದವಕ್ಕೆ ಎಣ್ಣೆ, ಅರಿಶಿನ ಕುಂಕುಮ, ಬಣ್ಣ ಬಳಿದು ಅಕ್ಷರ ಮುಚ್ಚಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾಗತ್ತರನ ಕಲ್ಲು ಬೇಗೂರಿನಲ್ಲೇ ಉಳಿದಿದ್ದರೆ ಇಂದು ಓದಲು ಸಿಗುತ್ತಿತ್ತು ಎಂಬ ಖಾತರಿ ಏನು? ಖಾತರಿ ಇಲ್ಲ. ಇದ್ದಲ್ಲೇ ಇಟ್ಟರೆ ಉಳಿಯುತ್ತದೆ ಎಂಬ ನಂಬಿಕೆಯೂ ಪೊಳ್ಳು ಎನ್ನುವುದಕ್ಕೆ ಜಪಾನಿನದೇ ಸಾಕ್ಷಿಯಿದೆ: ಅಸುಕದ ತಕಮತ್ಸುಜುಕ ಗೋರಿಯಲ್ಲಿ 1972ರಲ್ಲಿ ಕಂಡ ಬಣ್ಣದ ಭಿತ್ತಿಚಿತ್ರಗಳಿಗೆ, ಎಷ್ಟು ಜೋಪಾನ ಮಾಡಿದರೂ, ಬೂಷ್ಟು ಹಿಡಿಯಿತು. ಕೊನೆಗೆ 2007ರಲ್ಲಿ ಕಲ್ಲುಕೋಣೆಯನ್ನೇ ಬಿಚ್ಚಿ ಚಿತ್ರಗಳನ್ನು ಹೊರಗೆ ಸಾಗಿಸಬೇಕಾಯಿತು. ಹಾಗಾಗಿ ಕಲ್ಲನ್ನು ನಾಳೆಯೇ ಲಾರಿಗೆ ಏರಿಸಿ ವಾಪಸು ಕಳಿಸಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಕಲ್ಲಿನ ವಾಸಸ್ಥಳಕ್ಕಿಂತ ಅದನ್ನು ನಮಗೆ ತೋರಿಸುವ ಬಗೆಯ ಮೇಲೆ. ಗೋಡೆಯ ಪಕ್ಕ ನಿಂತ ಕಲ್ಲು ನೋಡುವವನಿಗೆ ಬರೀ ಶಿಲ್ಪವಾಗುತ್ತದೆ. ಆನೆಯ ಸೊಂಡಿಲು ಚೆನ್ನಾಗಿದೆ ಎಂದು ಅವನು ಮುಂದಕ್ಕೆ ಹೋಗುತ್ತಾನೆ. ಬೆಂಪೂರು ಹನ್ನೆರಡು ಎಂಬುದು ಅಲ್ಲಿಂದ ಗಾವುದ ದೂರದ ಒಂದು ನೆಲ, ಇವತ್ತೂ ಬಸ್ಸು ಓಡಾಡುವ ನೆಲ ಎಂಬುದು ಅವನಿಗೆ ಹೊಳೆಯಲು ಕಾರಣವಿಲ್ಲ. ವೊವಕೆಯ ಕತ್ತಿಯನ್ನು ಇಟ್ಟಿರುವುದು ಟೋಕಿಯೊದಲ್ಲಲ್ಲ, ಸಕಿತಾಮಾದ ದಿಬ್ಬಗಳ ಪಕ್ಕದಲ್ಲೇ ಕಟ್ಟಿದ ಸಂಗ್ರಹಾಲಯದಲ್ಲಿ. ಗಾಜಿನೊಳಗಿನ ಅಕ್ಷರ ಓದಿ ಹೊರಗೆ ಬಂದರೆ ಅದು ಸಿಕ್ಕ ದಿಬ್ಬವನ್ನೇ ಹತ್ತಬಹುದು. ನಮ್ಮಲ್ಲಿ ಅದಕ್ಕೆ ಬೇಕಾದ ಸಲಕರಣೆ ತಯಾರಿದೆ. ಮಿಥಿಕ್ ಸೊಸೈಟಿಯ ಬಳಗ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದೆ. ಅಂಥ ಪ್ರತಿಯಿಂದ ಬೇಗೂರಿನಲ್ಲಿ ಒಂದು ಅಚ್ಚು ನಿಲ್ಲಿಸಿ, ಪಕ್ಕದಲ್ಲಿ ಹನ್ನೆರಡು ಊರಿನ ನಕ್ಷೆ ಹಾಕುವುದು ಅಂಥ ಭಾರಿ ಖರ್ಚಿನ ಕೆಲಸವಲ್ಲ.

ಆದರೆ ಆ ನೆಲ ಈಗ ಎಲ್ಲಿದೆ ಎಂದು ಕೊನೆಯದಾಗಿ ಕೇಳಬಹುದು. ಬೇಗೂರು ಹೋಬಳಿಯ ಹೊಲಗಳು ಸೈಟುಗಳಾದವು, ಸೈಟುಗಳು ಅಪಾರ್ಟ್‌ಮೆಂಟಾದವು, ಹೊಸೂರು ರಸ್ತೆಯ ಮೇಲೆ ಸೇತುವೆಯ ಮೇಲೆ ಸೇತುವೆ ಎದ್ದಿದೆ. ಇಲ್ಲಿ ಹತ್ತನೆಯ ಶತಮಾನದ ನಾಡನ್ನು ನೋಡಲು ಹೊರಡುವುದು ಹುಚ್ಚಲ್ಲವೆ? ಹುಚ್ಚಲ್ಲ ಎನ್ನಲು ಪಟ್ಟಿಯೇ ಸಾಕು. ಅದರಲ್ಲಿ ಬೆಂಪೂರಿನ ಜೊತೆಗೆ ಇಗ್ಗಲೂರು, ಎಲ್ಕುಂಟೆ, ಕೂಡಲೆ ಎಂಬ ಊರುಗಳಿವೆ. ಬೆಂಪೂರು ಇಂದಿನ ಬೇಗೂರು. ಎಲ್ಕುಂಟೆಯನ್ನು ಬೊಮ್ಮನಹಳ್ಳಿಯ ಹತ್ತಿರದ ಯಲ್ಲುಕುಂಟೆಯೆಂದೂ, ಕೂಡಲೆಯನ್ನು ಕೂಡ್ಲು ಎಂದೂ, ಇಗ್ಗಲೂರನ್ನು ಚಂದಾಪುರದ ಕಡೆಯ ಇಗ್ಗಲೂರೆಂದೂ ಗುರುತಿಸುತ್ತಾರೆ. ಕೂಡ್ಲು ಗೇಟ್ ಎಂದು ಮೆಟ್ರೊ ನಿಲ್ದಾಣದ ಧ್ವನಿವರ್ಧಕ ದಿನವೂ ಎಷ್ಟೋ ಸಲ ಕೂಗುವ ಹೆಸರು, ನಾಗತ್ತರನ ಸಾವಿನ ಬೆಲೆಯಾಗಿ ಕಲ್ಲಿಗೆ ಇಳಿದ ಹೆಸರು. ಊರ ಹೆಸರು ಉಳಿದ ಕಡೆ ಬೇರೆಯದೂ ಒಂದಿಷ್ಟು ಉಳಿದಿರುತ್ತದೆ: ಕೆರೆಯ ಏರಿ, ಗ್ರಾಮಠಾಣದ ಓಣಿಗಳು, ಊರಮ್ಮನ ಗುಡಿ, ಬಡಾವಣೆಯ ಗೆರೆಗಳಿಗೆ ಹೊಂದದೆ ಅಂಕುಡೊಂಕಾಗಿ ಸಾಗುವ ಹಳೆಯ ಗಾಡಿದಾರಿ. ಸಕಾಯ್‌ನ ದಿಬ್ಬವೂ ಮನೆಗಳ ನಡುವೆ ಸಿಕ್ಕಿಕೊಂಡಿದೆ, ಅದನ್ನೂ ನಿಂತಲ್ಲಿಂದ ಪೂರ್ತಿ ನೋಡಲಾಗದು. ಅಲ್ಲಿ ನೋಟಕ್ಕೆ ಆಕಾಶದ ಚಿತ್ರ ಬೇಕು, ಇಲ್ಲಿ ಕಾಲು ಮತ್ತು ಪಟ್ಟಿ ಸಾಕು.

ಪ್ರವಾಸದ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಕಸ್ತೂರಬಾ ರಸ್ತೆ: 1865ರಲ್ಲಿ ಶುರುವಾದ ಆ ಸಂಗ್ರಹಾಲಯದಲ್ಲಿ ನಾಗತ್ತರನ ಕಲ್ಲಿನ ಮುಂದೆ ಚಿತ್ರದಷ್ಟೇ ಹೊತ್ತನ್ನು ಬರಹಕ್ಕೂ ಕೊಡಬೇಕು, ಹಳಗನ್ನಡ ಬಾರದವರು ರೈಸ್‌ನ ಪಾಠವನ್ನು ಫೋನಿನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಬೇಗೂರಿನ ಗುಡಿ, ಕೋಟೆಯ ಅಳಿದುಳಿದ ಮಣ್ಣು, ಕೆರೆ. ಅಲ್ಲಿನ ಕಾಳಗದ ಶಾಸನದಲ್ಲಿ ‘ಬೆಂಗಳೂರು’ ಸಿಕ್ಕಿದ ಮೇಲೆ ಮುಂದಕ್ಕೂ ಓದಿ ಸತ್ತವರ ಹೆಸರಿನ ತನಕ ಹೋಗಬೇಕು. ಅಲ್ಲಿಂದ ಯಲ್ಲುಕುಂಟೆ, ಕೂಡ್ಲು. ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಇಗ್ಗಲೂರು. ಇದೇ ದಾರಿಯನ್ನು ತಿರುವುಮುರುವಾಗಿ ಹಿಡಿಯಬಾರದು. ಇಗ್ಗಲೂರಿನಿಂದ ಹೊರಟವನಿಗೆ ಆ ಊರು ಕೈಗಾರಿಕೆ ವಲಯದ ಪಕ್ಕದ ಒಂದು ಹೆಸರು ಮಾತ್ರ; ಕಲ್ಲನ್ನು ಓದಿ ಬಂದವನಿಗೆ ಅದು ಎರೆಯಪ್ಪನು ಇರುಗನಿಗೆ ಕೊಟ್ಟ ಹನ್ನೆರಡರಲ್ಲಿ ಒಂದು.